ಬಾಲದಿಂದ ಬರೆಯುವ ಗೋಡೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಖಾಲಿ ಕೋಣೆಯಲ್ಲಿ ಬೆಂಚುಗಳೆಲ್ಲ ಮೂಲೆ ಸೇರಿವೆ. ಏಣಿಯೇರಿದ ಹೆಂಗಸೊಬ್ಬರು ತಿಳಿನೀಲಿ ಗೋಡೆಯ ಬಲತುದಿಯಲ್ಲಿ ಕೆಂಪು ಬಣ್ಣದಿಂದ ಇಂಗ್ಲಿಷಿನ ‘ಎಸ್’ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು, ಮತ್ತೊಂದು. ಅವುಗಳ ಎಡಕ್ಕೆ ಪದವೇ ಇಲ್ಲ, ಬರೀ ಕೊನೆಗಳು ನೀಲಿಯಲ್ಲಿ ತೇಲುತ್ತಿವೆ. ಇವರ ಬಗ್ಗೆ ಬರೆಯಲೆಂದು ಬಂದ ನನಗೇ ಇನ್ನೂ ನಿದ್ದೆ ಬಿಟ್ಟಿಲ್ಲವೇನೋ ಎಂಬ ಅನುಮಾನ.

“ಮೊದಲು ಬಾಲ, ಆಮೇಲೆ ಮೈ” ಎನ್ನುತ್ತಾರೆ, ಮಕ್ಕಳ ಬಾಯಲ್ಲಿ ಗೋಡೆಯಕ್ಕನಾದ ಇವರು. “ಬಾಲ ಎಲ್ಲ ಒಂದೇ ಗೆರೇಲಿ ನಿಂತ್ರೆ ಮಕ್ಕಳ ಕಣ್ಣು ಸೀದಾ ಅಲ್ಲಿಗೇ ಹೋಗುತ್ತೆ. ಒಂದಿದ್ದದ್ದು ಹಲವಾದಾಗ ಏನು ಬದಲಾಯ್ತು ಅಂತ ತಿಳಿಯುತ್ತೆ.”

ಓದಿದ್ದು ನಾಲ್ಕನೇ ತರಗತಿ. ಬೋರ್ಡು ಬರೆಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವರ ಬ್ರಷ್ ಹಿಡಿದು ಇಪ್ಪತ್ತೆರಡು ವರ್ಷ. ಅರವತ್ತೊಂದು ಕೋಣೆ, ದಿನಕ್ಕೆ ನಲವತ್ತು ಪದ. ಇಂಗ್ಲಿಷ್ ಕಲಿತದ್ದೂ ಗೋಡೆಯಿಂದಲೇ. ‘ಬೇಬಿ’ಯ ಕೊನೆಯ ‘ವೈ’, ಹಲವಾದಾಗ ‘ಐ-ಇ-ಎಸ್’ಗೆ ಜಾಗ ಬಿಡುವುದನ್ನು ತೋರಿಸಿ ನಗುತ್ತಾರೆ: “ನಮ್ಮ ದೊಡ್ಡಪ್ಪನ ಥರ. ನೆಂಟರು ಬಂದ್ರೆ ಮೊದಲು ಮಂಚ ಬಿಟ್ಟುಕೊಡ್ತಿದ್ದವರು ಅವರೇ.”

ಈಚೆಗೆ ಬಲಗೈ ನಡುಗುತ್ತದೆ. ಹೆಡ್‌ಮಿಸ್ಸು ಖಡಾಖಂಡಿತವಾಗಿ ಹೇಳಿದ್ದಾರೆ: ಈ ಗೋಡೆ ಚೆನ್ನಾಗಿ ಬಂದರೆ ಬಣ್ಣ ಮಾಸಿದ ಉಳಿದ ಏಳು ಕೋಣೆಯೂ ಇವರಿಗೇ, ಇಲ್ಲವಾದರೆ ಗೋಡೆಗೆ ಅಚ್ಚಾದ ಪ್ಲಾಸ್ಟಿಕ್ ಹಾಳೆ ಅಂಟಿಸುವುದೇ. ಆ ಕೆಲಸ ತಪ್ಪಿದರೆ ಬ್ರಷ್ ಕೆಳಗಿಟ್ಟಂತೆಯೇ.

ಒಂಬತ್ತು ಗಂಟೆಗೆ ಎಡವಟ್ಟಾಗುತ್ತದೆ. ಬಾಲದಿಂದ ಹಿಂದಕ್ಕೆ ಬರೆಯುತ್ತ ಬಂದ ‘ಬಟರ್‌ಫ್ಲೈಸ್’ ಕಿಟಕಿಗೆ ಮುಟ್ಟುತ್ತದೆ. ಮೊದಲ ಅಕ್ಷರ ಚೌಕಟ್ಟಿಗೆ ಒತ್ತಿಕೊಂಡು ಕುಗ್ಗಿ ನಿಲ್ಲುತ್ತದೆ, ಅದೂ ನಡುಗಿದ ಗೀಟಿನಲ್ಲಿ.

“ಗೋಡೆ ಮೇಲೆ ತಪ್ಪು ಹೊರಿಸಲ್ಲಪ್ಪ. ಕುಣಿಯೋಕೆ ಬರದೋಳು ನೆಲ ಡೊಂಕು ಅಂದ ಹಾಗಾಗುತ್ತೆ” ಎಂದು ಇಳಿದು ಕೂರುತ್ತಾರೆ.

ಹೆಡ್‌ಮಿಸ್ಸು ಬಂದು ಕುಗ್ಗಿದ ಆ ಅಕ್ಷರವನ್ನು ಹತ್ತಿರದಿಂದ ನೋಡುತ್ತಾರೆ. ಪಕ್ಕದ ಕೋಣೆಯಿಂದ ಗದ್ದಲ. ಮೂವರೂ ಹೋಗಿ ನೋಡಿದರೆ, ಮೂರು ವರ್ಷದ ಹಿಂದೆ ಗೋಡೆಯಕ್ಕ ಬರೆದ ಗೋಡೆಗೆ ಮಕ್ಕಳು ಜೇನಿನಂತೆ ಮುತ್ತಿ, ಕೆಂಪು ಬಾಲಗಳ ಮೇಲೆ ಬೆರಳಾಡಿಸುತ್ತ ಕೂಗಿ ಓದುತ್ತಿದ್ದಾರೆ. ಅವರ ಕೈಗೆಟುಕುವ ಎತ್ತರದವರೆಗೆ ಬಣ್ಣ ಸವೆದುಹೋಗಿದೆ.

“ಪ್ಲಾಸ್ಟಿಕ್ ಹಾಳೆ ಬೇಡ. ನಾಳೆ ಈ ಕೋಣೆ ಶುರು ಮಾಡಿ ಅಕ್ಕ” ಎನ್ನುತ್ತಾರೆ ಹೆಡ್‌ಮಿಸ್ಸು. “ಕಿಟಕಿ ಮಾತ್ರ ಸ್ವಲ್ಪ ನೋಡ್ಕೊಳ್ಳಿ.”

ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ. ಗೋಡೆಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

“ಒಣಗೋವರೆಗೆ ಯಾರೂ ಮುಟ್ಟದಿದ್ರೆ ಸಾಕು. ಆಮೇಲೆ ಸವೆಯೋ ತನಕ ಮುಟ್ಟಲಿ.”