ಮೊಣಕಾಲು ಸವೆದದ್ದು ಇಬ್ಬರದೂ

ನನ್ನ ಅಮ್ಮ ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಯಲ್ಲಿ ದುಡಿದವಳು. ಮದುವೆಗೆ ಮುಂಚೆ ಸೇರಿದವಳು ನನ್ನ ಮಗಳು ಶಾಲೆಗೆ ಹೋಗುವ ತನಕವೂ ಅಲ್ಲೇ ಇದ್ದಳು. ಬೆಳಿಗ್ಗೆ ಕಾಲು ಮಡಚಿ ನೆಲಕ್ಕೆ ಕೂತರೆ ಊಟದ ಹೊತ್ತಿಗೇ ಏಳುವುದು. ಆ ಮೊಣಕಾಲು ಸವೆಯದೆ ಇನ್ನೇನಾದೀತು?

ಅವಳನ್ನು ಮೊದಲ ಸಲ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನು ಕೊಟ್ಟಾರದ ಒಂದು ಹೋಟೆಲಿನ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆಸ್ಪತ್ರೆಯ ಜನರಲ್ ವಿಭಾಗ ಕೆಳಗಿನ ಮಹಡಿಯಲ್ಲಿ. ಸರದಿ ಬರುವಾಗ ಮಧ್ಯಾಹ್ನವಾಗಿತ್ತು. ಎಲುಬಿನ ಡಾಕ್ಟರು ಎಕ್ಸರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎರಡೂ ಸವೆದಿದೆ. ಆದ್ರೆ ನಡೀತಾರಲ್ಲ? ಈ ಪ್ರಾಯದಲ್ಲಿ ಇನ್ನು ಹೋಗ್ಲಿಕ್ಕೆ ಎಲ್ಲಿಗೆ ಉಂಟು?" ಎಂದರು. ಕೇಳಿದ್ದು ನನ್ನನ್ನು. ಅಮ್ಮನ ಮುಖ ನೋಡಲೇ ಇಲ್ಲ.

"ಆಪರೇಷನ್ ಆಗುದಿಲ್ವ ಡಾಕ್ಟ್ರೇ?"

"ಆರೋಗ್ಯ ಕಾರ್ಡಿನಲ್ಲಿ ಫ್ರೀ ಮಾಡಿಸುದಾದ್ರೆ ಸರಕಾರಿ ಆಸ್ಪತ್ರೆಯ ಪತ್ರ ಬೇಕು. ತನ್ನಿ, ಮತ್ತೆ ನೋಡುವ."

ಹೋಗಲಿಕ್ಕೆ ಎಲ್ಲಿಗೆ ಎಂದರೆ, ಅಮ್ಮನಿಗೆ ದಿನಾ ಕಕ್ಕಸಿಗೆ ಹೋಗಲಿಕ್ಕಿತ್ತು. ನಮ್ಮ ಬಾಡಿಗೆ ಮನೆಯ ಕಕ್ಕಸು ಹಿತ್ತಿಲಿನಲ್ಲಿ, ಕುಕ್ಕರುಗಾಲಿನಲ್ಲಿ ಕೂರುವಂಥದ್ದು. ಗೋಡೆಗೆ ಬಡಿದ ಕಬ್ಬಿಣದ ಸರಳು ಹಿಡಿದು ಅವಳು ಏಳುವಾಗ ನರಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಕೇಳಿಸಿತೆಂದು ಗೊತ್ತಾದರೆ ಅವಳಿಗೆ ನಾಚಿಕೆ. ಅದಕ್ಕೆ ನಾನು ಸುಮ್ಮಸುಮ್ಮನೆ ಮಿಕ್ಸಿ ತಿರುಗಿಸುತ್ತಿದ್ದೆ. ಕಡೆಗೆ, ಹೋಗುವುದೇ ಬೇಡವೆಂದು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು.

ಪತ್ರಕ್ಕಾಗಿ ಅಲೆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಒಮ್ಮೆ ಬರೆಯುವವರು ರಜೆ. ಒಮ್ಮೆ ಆಧಾರಿನ ಹೆಸರಿಗೂ ರೇಷನ್ ಕಾರ್ಡಿನ ಹೆಸರಿಗೂ ಒಂದಕ್ಷರದ ವ್ಯತ್ಯಾಸ. ಪ್ರತಿ ಸಲವೂ ರೋಗಿಯೇ ಬರಬೇಕಂತೆ. ಅಮ್ಮ ಬಸ್ಸಿನ ಮೆಟ್ಟಿಲಿಗೆ ಎರಡನೇ ಕಾಲು ಎತ್ತುವ ಮೊದಲೇ ಕಂಡಕ್ಟರು "ರೈಟ್ ಪೋಯಿ" ಎಂದು ಕೂಗಿ ಬಸ್ಸು ಹೊರಡಿಸುತ್ತಿದ್ದ.

ನಾವು ಹೀಗೆ ಅಲೆಯುತ್ತಿರುವಾಗ ನಮ್ಮ ಹೋಟೆಲಿನ ಧಣಿಗಳ ತಾಯಿಗೂ ಮೊಣಕಾಲು ನೋವು ಶುರುವಾಯಿತು. "ನಿನಗೆ ಆ ಆಸ್ಪತ್ರೆ ಗೊತ್ತುಂಟಲ್ಲ, ಅಮ್ಮನ ಒಟ್ಟಿಗೆ ಹೋಗು" ಎಂದು ಧಣಿಗಳು ನನ್ನನ್ನು ಕಳಿಸಿದರು. ಅದೇ ಆಸ್ಪತ್ರೆ, ಆದರೆ ಈ ಸಲ ಲಿಫ್ಟಿನಲ್ಲಿ ಮೇಲಕ್ಕೆ. ತಂಪು ಕೋಣೆ, ಮೆತ್ತನೆಯ ಸೋಫಾ. ಒಳಗಿದ್ದದ್ದು ಅದೇ ಡಾಕ್ಟರು. ಎದ್ದು ಬಂದು ಧಣಿಗಳ ತಾಯಿಯ ಕೈಹಿಡಿದು ಕೂರಿಸಿದರು.

"ಕಾಲು ಸರಿಯಾದ್ರೆ ಎಂತೆಲ್ಲ ಮಾಡ್ಬೇಕು ಅಂತ ಆಸೆ ಉಂಟಮ್ಮ?"

"ಮೊಮ್ಮಗಳ ಮದುವೆ ದುಬೈಯಲ್ಲಿ. ವೀಲ್‌ಚೇರಿನಲ್ಲಿ ಹೋಗ್ಲಿಕ್ಕೆ ಮನಸ್ಸಿಲ್ಲ."

"ಕುಣೀಬಹುದು ನೀವು. ಇದನ್ನು ಕಾಯಿಸ್ಬಾರದು, ಬೇಗ ಮಾಡಿದಷ್ಟು ಒಳ್ಳೇದು."

ನನ್ನ ಗುರುತು ಡಾಕ್ಟರಿಗೆ ಸಿಗಲಿಲ್ಲ. ಮುಂದಿನ ವಾರವೇ ಆಪರೇಷನ್ ಆಯಿತು. ವ್ಯಾಯಾಮ ಮಾಡಿಸಲು ದಿನಾ ಮನೆಗೇ ಒಬ್ಬಳು ಹುಡುಗಿ ಬರುತ್ತಿದ್ದಳು. ಆ ಹಿರಿಯರ ಮೇಲೆ ನನಗೆ ಸಿಟ್ಟಿರಲಿಲ್ಲ. ಒಳ್ಳೆಯ ಹೆಂಗಸು. ಒಂದು ದಿನ ನನ್ನ ಹತ್ತಿರ, "ನಿನ್ನ ಅಮ್ಮನಿಗೂ ಮಾಡಿಸು ಮಾರಾಯ್ತಿ. ಹೆದರುದು ಎಂತಕ್ಕೆ?" ಎಂದರು. ಅಮ್ಮನನ್ನು ತಡೆದಿರುವುದು ಹೆದರಿಕೆ ಎಂದೇ ಅವರು ತಿಳಿದಿದ್ದರು. ನಾನು ತಲೆಯಾಡಿಸಿ ಹೊರಗೆ ಬಂದು ಗೇಟನ್ನು ಜೋರಾಗಿ ಎಳೆದು ಹಾಕಿದೆ.

ಪತ್ರ ಸಿಗುವಾಗ ಅಮ್ಮನ ಬಲಗಾಲು ಬಿಲ್ಲಿನ ಹಾಗೆ ಬಗ್ಗಿತ್ತು. ಮತ್ತೆ ಅದೇ ಕೆಳಗಿನ ಮಹಡಿ. ಡಾಕ್ಟರು ಕಾಲು ನೋಡಿ ಗದರಿದರು, "ತುಂಬ ಲೇಟ್ ಮಾಡಿದ್ರಿ. ಇಷ್ಟು ಬಗ್ಗುವ ತನಕ ಮನೇಲಿ ಕೂತದ್ದು ಯಾಕೆ?"

ನನಗೆ ತಡೆಯಲಾಗಲಿಲ್ಲ. "ಲೇಟ್ ಮಾಡಿದ್ದು ನಾವಲ್ಲ ಡಾಕ್ಟ್ರೇ. ಇನ್ನು ಹೋಗ್ಲಿಕ್ಕೆ ಎಲ್ಲಿಗೆ ಉಂಟು ಅಂತ ಇಲ್ಲೇ ಕೂತು ಕೇಳಿದ್ದು ನೀವು. ಮೇಲಿನ ಕೋಣೆಯಲ್ಲಿ ನಮ್ಮ ಧಣಿಗಳ ತಾಯಿಗೆ ಬೇಗ ಮಾಡಿದಷ್ಟು ಒಳ್ಳೇದು ಅಂತ ಹೇಳಿದ್ದೂ ನೀವೇ. ನಾನು ಪಕ್ಕದಲ್ಲೇ ನಿಂತಿದ್ದೆ. ಎಲುಬು ಮಹಡಿ ನೋಡಿ ಸವೆಯುತ್ತದಾ?"

ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಒಳಗೆ ಇಣುಕಿದರು. ಅಮ್ಮ ನನ್ನ ಚೂಡಿದಾರದ ಶಾಲು ಜಗ್ಗಿ, "ಬೊಡ್ಚಿ ಮಗಾ, ಬೇಡ, ಸಾಕು" ಎಂದು ಬೇಡಿಕೊಂಡಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಪತ್ರ ತೆಗೆದುಕೊಂಡು, "ಬಲಗಾಲು ಮಾಡುವ" ಎಂದರು.

ಮಾಡಿದರು. ನೋವು ಇಳಿಯಿತು, ಆದರೆ ಕಾಲು ಪೂರ್ತಿ ನೆಟ್ಟಗಾಗಲಿಲ್ಲ. ಸ್ನಾಯುವಿನಲ್ಲಿ ಬಲವೇ ಉಳಿದಿಲ್ಲ, ವ್ಯಾಯಾಮಕ್ಕೆ ದಿನಾ ಆಸ್ಪತ್ರೆಗೆ ಬನ್ನಿ ಎಂದರು. ಹೊಲಿಗೆ ಹಾಕಿದ ಕಾಲಿನಲ್ಲಿ ದಿನಾ ಬಸ್ಸು ಹತ್ತುವವರು ಯಾರು? ನನ್ನ ರಜೆ ಮುಗಿದಿತ್ತು. ವ್ಯಾಯಾಮ ಅಲ್ಲಿಗೇ ನಿಂತಿತು. ಈಗ ಅಮ್ಮ ಕೋಲು ಹಿಡಿದು ಪಕ್ಕದ ಮನೆಯ ತನಕ ಹೋಗಿಬರುತ್ತಾಳೆ. "ಕಾರ್ಡಿನಲ್ಲಿ ಆಯ್ತಲ್ಲ, ನಿಮ್ಮ ಪುಣ್ಯ" ಎನ್ನುತ್ತಾರೆ ನೆರೆಯವರು. ಯಾವ ಪುಣ್ಯ?

ಕೊನೆಯ ಸಲ ತೋರಿಸಲಿಕ್ಕೆ ಹೋದಾಗ ಅಮ್ಮ ಡಾಕ್ಟರಿಗೆ ಕೈ ಮುಗಿದಳು. ನಾನು ಮುಗಿಯಲಿಲ್ಲ. ಎಡಗಾಲಿಗೆ ಬೇರೆಯೇ ಪತ್ರ ಬೇಕಂತೆ.