ಬೆನ್ನು ತಿರುಗಿಸಿದ ದೃಶ್ಯದಲ್ಲಿ ಒಂದು ಮಾತು

ಆ ಸ್ಟುಡಿಯೋದಲ್ಲಿ ಅವರನ್ನು ಎಲ್ಲರೂ ‘ಆಯ್ತಮ್ಮ’ ಎಂದೇ ಕರೆಯುತ್ತಿದ್ದರು. ಬೇರೆ ಭಾಷೆಯಲ್ಲಿ ಚಿತ್ರೀಕರಣಗೊಂಡು ಬರುವ ಧಾರಾವಾಹಿಗಳಿಗೆ ದನಿ ಕೊಡುವುದು ಅವರ ವೃತ್ತಿ. ಅತ್ತೆಗೊಂದು ಕಂಠ, ಸೊಸೆಗೊಂದು ಕಂಠ ಇದ್ದಂತೆ ಮನೆಕೆಲಸದವಳಿಗೆ ಇವರ ಕಂಠ. ಧಾರಾವಾಹಿ ಯಾವುದಾದರೂ ಆ ಪಾತ್ರ ಹೆಚ್ಚಾಗಿ ಆಡುವ ಮಾತು ‘ಆಯ್ತಮ್ಮ’ ಎಂಬುದೊಂದೇ ಆದ್ದರಿಂದ, ಕಾಲಕ್ರಮದಲ್ಲಿ ಅದೇ ಅವರ ಹೆಸರಾಗಿ ನಿಂತಿತು.

ಕೋಣೆ ಚಿಕ್ಕದು. ಗೋಡೆಗೆಲ್ಲ ಸ್ಪಂಜು ಅಂಟಿಸಿತ್ತು. ಸದ್ದು ಸೇರಿಕೊಳ್ಳುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಪರದೆಯ ಮೇಲೆ ನಟಿಯ ತುಟಿ ಯಾವಾಗ ತೆರೆಯುತ್ತದೆಯೋ ಆಗ ಇವರ ಮಾತು ಹೊರಡಬೇಕು, ಮುಚ್ಚಿದಾಗ ನಿಲ್ಲಬೇಕು. ಅನುವಾದದ ಮಾತು ಉದ್ದವಾಗಿ ತುಟಿಗೆ ಹೊಂದದೆ ಹೋದರೆ, ಪಾತ್ರ ಬೆನ್ನು ತಿರುಗಿಸುವವರೆಗೆ ಕಾದು ಉಳಿದದ್ದನ್ನು ಅಲ್ಲಿ ತುಂಬುವುದು ಆ ಕೆಲಸದ ರೂಢಿ. ಮುಖ ಕಾಣದಿದ್ದಲ್ಲಿ ಏನು ಹೇಳಿದರೂ ನಡೆಯುತ್ತದೆ.

ಸರದಿಗಾಗಿ ಹೊರಗಿನ ಬೆಂಚಿನಲ್ಲಿ ಕಾಯುವಾಗ ಅವರು ಧಾರಾವಾಹಿಗಳ ಕಥೆಯನ್ನು ಬಿಡಿಸಿ ನೋಡುತ್ತಿದ್ದರು. ಸೊಸೆಯ ಪಾತ್ರಕ್ಕೆ ದನಿ ಕೊಡುತ್ತಿದ್ದ ಗೆಳತಿಗೆ ಅಂಥದೊಂದು ಸಂಭಾಷಣೆ ಈಗಲೂ ನೆನಪಿದೆ.

“ಅಲ್ಲ ಕಣೇ, ಈ ಸೀರಿಯಲ್ ಮನೇಲಿ ಇಷ್ಟು ವರ್ಷದಿಂದ ಇದೀನಿ. ನಾನು ಒಂದಿನ ಕೂತಿದ್ದು ನೋಡಿದೀಯಾ?”

“ಅಕ್ಕಾ, ನಾನು ದಿನಾ ಅತ್ತು ಅತ್ತು ಗಂಟಲು ಹರ್ಕೊಂಡಿದೀನಿ. ನಿಂಗೆ ಕುರ್ಚಿ ಚಿಂತೆ!”

“ಅಳೋಕೆ ನಿಂಗಾದ್ರೂ ಮಂಚ ಕೊಟ್ಟಿದಾರೆ. ನಂಗೆ ಮನೇನೇ ಇಲ್ಲ. ಕೆಲಸ ಮುಗಿದ ಮೇಲೆ ನಾನೆಲ್ಲಿಗೆ ಹೋಗ್ತೀನಿ? ಪಾತ್ರೆ ಜೊತೆ ಬೋರಲು ಹಾಕಿ ಒಣಗಿಸ್ತಾರಾ?”

ಗೆಳತಿ ನಕ್ಕಳಂತೆ. ಆಯ್ತಮ್ಮ ನಗಲಿಲ್ಲ. ಬರೆದವರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ, ಇಡೀ ಊರು ಊಟದ ಹೊತ್ತಿಗೆ ನೋಡುವ ಕಥೆಯೊಳಗೆ ಇದೊಂದು ಪಾಠ ಹುದುಗಿದೆ ಎಂಬುದು ಅವರ ತಿಳಿವಳಿಕೆ: ಕೆಲಸದವಳು ಮಾತಾಡುವುದಿಲ್ಲ, ಮಾತಾಡಲು ಅವಳಿಗೆ ಏನೂ ಇರುವುದಿಲ್ಲ.

ಹೀಗೆ ನೋಡಲು ಕಾರಣವಿತ್ತು. ಅವರ ತಾಯಿ ಮನೆಕೆಲಸ ಮಾಡಿ ಮಗಳನ್ನು ಸಾಕಿದವರು. ಒಮ್ಮೆ ಯಜಮಾನಿಯ ಬಳೆ ಕಾಣೆಯಾದಾಗ ಕಳವಿನ ಆರೋಪ ಹೊರಿಸಿ ತಾಯಿಯನ್ನು ಬಾಗಿಲಾಚೆ ನಿಲ್ಲಿಸಿದ್ದರು. ಬಳೆ ಆ ಮನೆಯವರದೇ ಹಾಸಿಗೆಯ ಮಡಿಕೆಯಲ್ಲಿ ಸಿಕ್ಕಿತು. “ಸಿಕ್ತು, ನಾಳೆಯಿಂದ ಬಾ” ಎಂದು ಹೇಳಿಕಳಿಸಿದರೇ ಹೊರತು ತಪ್ಪಾಯಿತೆಂಬ ಮಾತು ಬರಲಿಲ್ಲ. ತಾಯಿ ಮರುದಿನ ಹೋದರು. ಮೊಣಕಾಲು ಸೋಲುವವರೆಗೂ ಅದೇ ಮನೆಯ ನೆಲ ಒರೆಸಿದರು. ಅಮ್ಮ ಯಾಕೆ ಬಾಯಿ ಬಿಡಲಿಲ್ಲ ಎಂಬ ಪ್ರಶ್ನೆ ಮಗಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಹೀಗಿರುವಾಗ ಅವರು ದನಿ ಕೊಡುತ್ತಿದ್ದ ಧಾರಾವಾಹಿಯಲ್ಲೇ ಅಂಥದೊಂದು ಸಂಚಿಕೆ ಬಂತು. ಹಾರ ಕಳೆದಿದೆ, ಕೆಲಸದವಳ ಮೇಲೆ ಅನುಮಾನ, ಹಾರ ಅತ್ತೆಯ ಪೆಟ್ಟಿಗೆಯಲ್ಲೇ ಸಿಗುತ್ತದೆ. ಅತ್ತೆ, “ಸಿಕ್ತು. ಹೋಗಿ ಟೀ ತಾ” ಎನ್ನುತ್ತಾಳೆ. ಕೆಲಸದವಳು “ಆಯ್ತಮ್ಮ” ಎಂದು ಬೆನ್ನು ತಿರುಗಿಸಿ, ನಿಧಾನವಾಗಿ ಅಡುಗೆಮನೆಯತ್ತ ನಡೆಯುತ್ತಾಳೆ.

ಸಂಭಾಷಣೆ ನೋಡಿಕೊಳ್ಳುವ ಮೇಷ್ಟ್ರು ಫೋನು ಬಂದು ಹೊರಗೆ ಹೋಗಿದ್ದರು. ಆಯ್ತಮ್ಮ ತುಟಿಗೆ ಹೊಂದಿಸಿ ಬರೆದಷ್ಟನ್ನು ಹೇಳಿದರು. ಬೆನ್ನು ಕಂಡ ಕೂಡಲೇ ಬರೆಯದಿದ್ದದ್ದನ್ನು ಸೇರಿಸಿದರು: “ಕಳ್ಳಿ ಅಂದ್ರಲ್ಲ, ಅದನ್ನ ವಾಪಸ್ ತಗೊಳ್ಳಲ್ವಾ ಅಮ್ಮಾ?”

ಸೌಂಡ್ ಇಂಜಿನಿಯರ್ ಗಾಜಿನಾಚೆಯಿಂದ ತಲೆಯೆತ್ತಿದ. “ಅಕ್ಕಾ, ಇದು ಹಾಳೇಲಿ ಇಲ್ಲ.”

“ಮುಖ ಕಾಣಲ್ವಲ್ಲಪ್ಪಾ.”

“ಮುಖ ಕಾಣಲ್ಲ. ಆದ್ರೆ ಮೇಷ್ಟ್ರಿಗೆ ಕಿವಿ ಕೇಳುತ್ತೆ.”

“ನಮ್ಮಮ್ಮ ನೋಡ್ತಾರೆ ಕಣೋ ಇದನ್ನ. ಒಂದೇ ಒಂದು ಸಲ ಅವರ ಕಿವಿಗೆ ಬೀಳ್ಲಿ. ಇರ್ಲಿ ಬಿಡು.”

ಅವನು ಬಿಟ್ಟ. ಸಂಚಿಕೆ ಅಂದೇ ಪ್ರಸಾರಕ್ಕೆ ಹೋಗಬೇಕಾಗಿದ್ದರಿಂದ ಮತ್ತೊಮ್ಮೆ ಕೇಳಿ ನೋಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ.

ಸಂಜೆ ತಾಯಿ, ಮಗಳು ಒಂದೇ ಚಾಪೆಯ ಮೇಲೆ ಕೂತು ನೋಡಿದರು. ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಆದರೆ ದನಿ ಕೊಡುವಾಗ ಆಯ್ತಮ್ಮನಿಗೆ ಹೊಳೆಯದೇ ಹೋದ ಸಂಗತಿಯೊಂದು ಆಗ ಕಣ್ಣಿಗೆ ಬಿತ್ತು. ಚಿತ್ರ ಎಂದೋ ಮುಗಿದದ್ದು. ಅದರೊಳಗಿನ ಅತ್ತೆಗೆ ಈ ಪ್ರಶ್ನೆ ತಿಳಿಯದು. ಪ್ರಶ್ನೆ ಮುಗಿದರೂ ಅವಳು ತಲೆಯೆತ್ತಲಿಲ್ಲ. ಹಾರವನ್ನು ಕೊರಳಿಗೆ ಹಿಡಿದು ಕನ್ನಡಿ ನೋಡಿಕೊಂಡಳು. ಸೊಸೆ ಮುಗುಳ್ನಕ್ಕಳು. ಬರೆದವರೂ ಊಹಿಸದಷ್ಟು ಕ್ರೂರವಾಗಿ ದೃಶ್ಯ ಮುಗಿಯಿತು.

ತಾಯಿ ಮಗಳ ಕಡೆ ತಿರುಗಿದರು. “ಅದು ಅವರು ಬರೆದಿದ್ದಾ, ನೀನೇ ಅಂದಿದ್ದಾ?”

“ನಾನೇ.”

“ಅನ್ಕೊಂಡೆ. ಆದ್ರೆ ನೋಡು, ಅವಳು ತಿರುಗಿ ಕೂಡ ನೋಡ್ಲಿಲ್ಲ. ನಾನು ಕೇಳಿದಾಗ್ಲೂ ಹಿಂಗೇ ಆಗಿದ್ದು.”

“ನೀನು ಕೇಳಿದ್ಯಾ? ಯಾವಾಗಮ್ಮಾ?”

“ಕೇಳದೆ ಇರ್ತೀನಾ? ಅವತ್ತೇ ಕೇಳ್ದೆ. ಆಮೇಲೂ ಒಂದು ಸಲ ಕೇಳ್ದೆ. ನಂಗೂ ಬಾಯಿದೆ ಕಣೇ. ಕೇಳಿಸ್ಕೊಂಡವರು ಯಾರು? ಅವರ ಪಾಡಿಗೆ ಅವರು ಒಳಗೆ ಹೋದ್ರು.”

ಮರುದಿನ ಕಚೇರಿಯಿಂದ ಫೋನು ಬಂತು. ವೀಕ್ಷಕರು ದೂರಿದ್ದರು: ಅತ್ತೆಯ ಪಾತ್ರ ಅಷ್ಟು ಕಟುಕಿಯಾಗಬಾರದಿತ್ತು, ಮನೆಮಂದಿಯೆಲ್ಲ ಕೂತು ನೋಡುವಾಗ ಹಾಗೆಲ್ಲ ತೋರಿಸಬಾರದು ಎಂದು. ಮೇಷ್ಟ್ರು ಬೈಯಲಿಲ್ಲ. “ನಿಮ್ಮ ದನಿ ಚೆನ್ನಾಗಿದೆ ತಾಯಿ. ಆದ್ರೆ ನಂಬಿಕೆ ಹೋಯ್ತು. ಬೇರೆಯವರನ್ನ ನೋಡ್ಕೊಳ್ತೀವಿ,” ಎಂದಷ್ಟೇ ಅಂದರು. ಮಧ್ಯಾಹ್ನದ ಮರುಪ್ರಸಾರದಲ್ಲಿ ಆ ಮಾತಿರಲಿಲ್ಲ. ಅದು ಇದ್ದ ಜಾಗದಲ್ಲಿ ಪಿಟೀಲು ನುಡಿಯುತ್ತಿತ್ತು.

ಬೇರೆ ಸ್ಟುಡಿಯೋಗಳಿಗೂ ಸುದ್ದಿ ಮುಟ್ಟಿದ್ದರಿಂದ ಅವರನ್ನು ಯಾರೂ ಕರೆಯಲಿಲ್ಲ. ಈಗ ಚಿಕ್ಕಪ್ಪನ ಟೈಲರ್ ಅಂಗಡಿಯ ಹಿಂಬದಿಯಲ್ಲಿ ಗುಂಡಿ ಹಾಕುತ್ತಾರೆ. ದಿನವೆಲ್ಲ ಮಾತಾಡುವ ಅಗತ್ಯವೇ ಬೀಳದ ಕೆಲಸವದು. ಮನೆಯಲ್ಲಿ ಆ ಧಾರಾವಾಹಿ ಹಾಕುವುದನ್ನು ತಾಯಿಯೇ ನಿಲ್ಲಿಸಿದ್ದಾರೆ.

ಇದನ್ನು ಬರೆಯಲೆಂದು ಅವರ ಮನೆಗೆ ಹೋದ ನಾನು, ಆ ದಿನ ಯಜಮಾನಿಯನ್ನು ಏನೆಂದು ಕೇಳಿದಿರಿ ಎಂದದ್ದಕ್ಕೆ ತಾಯಿ, “ಮರೆತುಹೋಯ್ತು ಬಿಡಿ,” ಎನ್ನುತ್ತ ಎದ್ದು ಒಳಗೆ ಹೋದರು. ಮಗಳು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದರು.

“ಆ ಮನೆ ಗೇಟಿನ ಚಿಲಕ ಯಾವ ಕಡೆಗಿತ್ತು ಅನ್ನೋದು ಅಮ್ಮಂಗೆ ಗೊತ್ತು. ನಾಯಿ ಹೆಸರೂ ಗೊತ್ತು. ಇದೊಂದು ಮಾತ್ರ ಮರೆತಿದಾರಂತೆ.”