ಹೆಜ್ಜೆಯಕ್ಕ ಬಚ್ಚಿಟ್ಟ ಮಾತು

ಮಣ್ಣಿನ ಮೇಲೆ ಮೂಡಿದ ಚಿರತೆಯ ಹೆಜ್ಜೆ ನೋಡಿ, ಅದು ಗಂಡೋ ಹೆಣ್ಣೋ, ನಿನ್ನೆಯದೋ ಇವತ್ತಿನದೋ ಎಂದು ಹೇಳಬಲ್ಲವಳು ಆ ಸುತ್ತಮುತ್ತ ಅವಳೊಬ್ಬಳೇ. ಹಾಗಾಗಿ ಹುಟ್ಟುಹೆಸರು ಮರೆತುಹೋಗಿ ಎಲ್ಲರ ಬಾಯಲ್ಲೂ ಹೆಜ್ಜೆಯಕ್ಕ ಎಂದೇ ಆಗಿದ್ದಳು. ಅರಣ್ಯ ಕಚೇರಿಯಲ್ಲಿ ಹದಿನೆಂಟು ವರ್ಷದ ಕಾವಲು ಕೆಲಸ. ಹೆಸರಿಗೆ ಅರಣ್ಯ, ಸುತ್ತ ನೋಡಿದರೆ ಬರೀ ಹೊಲ, ಗೋದಾಮು, ಕಾಲುವೆ. ಚಿರತೆಗಳೂ ಅಲ್ಲೇ ಬೆಳೆಯ ನಡುವೆ ಸಂಸಾರ ಹೂಡಿದ್ದವು. ಯಾರದೋ ಕರು ಹೋಯಿತೆಂದರೆ ಅವಳು ಹೋಗಬೇಕು, ಗುರುತು ನೋಡಬೇಕು, ದೊಣ್ಣೆ ಹಿಡಿದವರನ್ನು ತಡೆಯಬೇಕು. "ಕೊಟ್ಟಿಗೆಗೆ ಬಾಗಿಲು ಹಾಕಿಸ್ರಪ್ಪ, ಮಕ್ಕಳನ್ನ ಒಂಟಿಯಾಗಿ ಬಿಡ್ಬೇಡಿ" ಎಂದು ಹೇಳಿ ಹೇಳಿ ಅವಳ ಗಂಟಲೇ ಒರಟಾಗಿತ್ತು.

ಮೈದುನನ ಹೆಂಡತಿಗೆ ಆ ಕೆಲಸ ಕೊಡಿಸಿದವಳೂ ಅವಳೇ. ಮದುವೆಯಾಗಿ ಬಂದ ಹೊಸದರಲ್ಲಿ ಆ ಹುಡುಗಿಗೆ ನಾಯಿಯ ಹೆಜ್ಜೆಗೂ ಚಿರತೆಯ ಹೆಜ್ಜೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. "ನಾಯಿಗಾದ್ರೆ ಉಗುರು ಮೂಡುತ್ತೆ ನೋಡು, ಇದಕ್ಕೆ ಮೂಡಲ್ಲ" ಎಂದು ಮೊಣಕಾಲೂರಿ ತೋರಿಸಿಕೊಟ್ಟಿದ್ದಳು. ಕಿರಿಯವಳು ಬೇಗ ಕಲಿತಳು. ಅದೂ ಸಾಲದೆಂಬಂತೆ ಅವಳಿಗೆ ಮಾತು ಒಲಿದಿತ್ತು. ರೊಚ್ಚಿಗೆದ್ದ ನೂರು ಜನರ ಮುಂದೆ ನಿಂತು ಎರಡು ಮಾತಾಡಿದರೆ, ಬೈಯಲು ಬಂದವರೇ "ಸರಿ ಬಿಡಮ್ಮ" ಎಂದು ಮನೆಗೆ ಹೋಗುತ್ತಿದ್ದರು.

ಆ ವರ್ಷ ಕಚೇರಿಯವರು ಚಿರತೆ ಕಂಡಲ್ಲಿಗೆ ಓಡಲು ಒಂದು ತಂಡ ಕಟ್ಟಿದರು. ನಾಯಕಿ ತಾನೇ ಎಂದು ಹೆಜ್ಜೆಯಕ್ಕ ಒಳಗೊಳಗೇ ಅಂದುಕೊಂಡಿದ್ದಳು. ಸಾಹೇಬರು ಕಿರಿಯವಳ ಹೆಸರು ಓದಿದರು. "ವರದಿ ಬರೀಬೇಕು, ಜನರ ಹತ್ರ ಮಾತಾಡ್ಬೇಕು. ನಿಮಗ್ಯಾಕೆ ಈ ವಯಸ್ಸಲ್ಲಿ ತಾಪತ್ರಯ?" ಎಂದು ನಯವಾಗಿ ಬೇರೆ ಹೇಳಿದರು.

ಅವತ್ತು ಮನೆಯಲ್ಲಿ ಅತ್ತೆ ಸುಮ್ಮನಿರಲಿಲ್ಲ. "ಕಲಿಸಿದವಳು ಕೆಳಗೆ, ಕಲಿತವಳು ಮೇಲೆ. ಚೆನ್ನಾಗಿದೆ ಕಣೇ ನಿಮ್ಮ ಕಚೇರಿ ನ್ಯಾಯ!" ಎಂದರು. ಹೆಜ್ಜೆಯಕ್ಕ ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು. ಕಿರಿಯವಳು ಜಂಭ ಮಾಡಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ಮರುದಿನ ಜೀಪಿನ ಬಾಗಿಲು ಹಿಡಿದು "ಅಕ್ಕಾ, ನೀವು ಮುಂದೆ ಕೂತ್ಕೊಳ್ಳಿ" ಎಂದಳಲ್ಲ, ಅದು ಗಾಯಕ್ಕೆ ಉಪ್ಪು ಸವರಿದಂತಾಯಿತು.

"ಬೇಡಮ್ಮ, ನಾಯಕಿ ಮುಂದೆ ಇರ್ಬೇಕು" ಎಂದು ಹೆಜ್ಜೆಯಕ್ಕ ಹಿಂದೆ ಹತ್ತಿದಳು.

ಎರಡು ತಿಂಗಳಾದ ಮೇಲೆ ಜೋಳದ ಹೊಲದಲ್ಲಿ ಕಟಾವಿನವರಿಗೆ ಎರಡು ಚಿರತೆ ಮರಿಗಳು ಸಿಕ್ಕವು. ಹೆದರಿಕೆಯಲ್ಲಿ ಅವನ್ನೆತ್ತಿಕೊಂಡು ರಸ್ತೆಗೆ ಓಡಿಬಂದಿದ್ದರು. ತಂಡ ತಲುಪುವ ಹೊತ್ತಿಗೆ ಜನ ಜಾತ್ರೆಯಂತೆ ಸೇರಿತ್ತು. ತಾಯಿಯನ್ನು ಬೋನಿಟ್ಟು ಹಿಡಿಯಿರಿ ಎಂದು ಕೆಲವರು, ಹೊಡೆದೇ ಹಾಕಿ ಎಂದು ಕೆಲವರು. ಕಿರಿಯವಳು ಕೈಗವಸು ಹಾಕಿ ಮರಿಗಳನ್ನು ಪೆಟ್ಟಿಗೆಗಿಳಿಸಿದಳು. "ಮರಿ ಸಿಕ್ಕಿದ್ರೆ ಅವಳ ಪಾಡಿಗೆ ಅವಳು ಹೋಗ್ತಾಳೆ. ಸಿಗ್ಲಿಲ್ಲ ಅಂದ್ರೆ ನಿಮ್ಮ ಮನೆ ಸುತ್ತ ಹುಡುಕ್ತಾಳೆ. ಯಾವುದು ಬೇಕು ಹೇಳಿ" ಎಂದಳು. ಜನ ತಣ್ಣಗಾದರು.

ಮರಿ ಎಲ್ಲಿ ಸಿಕ್ಕಿತು ಎಂದರೆ ಕಟಾವಿನವರು ಗಾಬರಿಯಲ್ಲಿ ರಸ್ತೆಯ ಬದುವಿನ ಕಡೆ ಕೈ ತೋರಿಸಿದರು. ಅಷ್ಟರಲ್ಲಿ ಹೆಜ್ಜೆಯಕ್ಕ ಹೊಲ ಬಳಸಿ ಹೋಗಿದ್ದಳು. ಆಚೆ ತುದಿಯಲ್ಲಿ, ಕಾಲುವೆಯ ಪಕ್ಕ, ಜೋಳದ ದಂಟು ಮಲಗಿ ಗೂಡಿನಂತಾದ ಜಾಗ ಅವಳಿಗೆ ಕಂಡಿತು. ಪಕ್ಕದಲ್ಲೇ ಹಸಿ ಮಣ್ಣಲ್ಲಿ ಅಚ್ಚೊತ್ತಿದ ಹೆಣ್ಣು ಹೆಜ್ಜೆ.

ತಿರುಗಿ ಬಂದಾಗ ಕಿರಿಯವಳು ಕೇಳಿದಳು: "ಅಕ್ಕಾ, ಹೆಜ್ಜೆ ಏನಾದ್ರೂ ಕಂಡ್ವಾ?"

ಹೆಜ್ಜೆಯಕ್ಕ ಅವಳ ಹೊಸ ಜಾಕೆಟ್ಟನ್ನು ನೋಡಿದಳು. ಎದೆಯ ಮೇಲೆ ನಾಯಕಿ ಎಂದು ಹೊಲಿದ ಪಟ್ಟಿ.

"ನೆಲ ಗಟ್ಟಿ. ಏನೂ ಕಾಣ್ತಿಲ್ಲ."

ರಾತ್ರಿ ತಾಯಿ ಬಂದು ಮರಿಗಳನ್ನು ಒಯ್ಯಲೆಂದು ಪೆಟ್ಟಿಗೆಯ ಬಾಯಿ ತೆರೆದು ರಸ್ತೆಯ ಬದುವಿನಲ್ಲಿಟ್ಟರು. ಕಿರಿಯವಳು ಒಂದು ಸಲ ಸೋಲಲಿ, ಅಷ್ಟೇ, ಸಾಹೇಬರಿಗೆ ತಿಳಿಯಲಿ ಎಂದು ಹೆಜ್ಜೆಯಕ್ಕ ಲೆಕ್ಕ ಹಾಕಿದ್ದಳು. ತಾಯಿ ಬರಲಿಲ್ಲ. ಬೆಳಿಗ್ಗೆ ನೀರು ಬಿಡಲು ಕಾಲುವೆಗೆ ಹೋದ ಪಂಪಿನವನ ಮೇಲೆ ಎರಗಿ, ಭುಜ ಸೀಳಿ, ಮತ್ತೆ ಜೋಳದೊಳಗೆ ನುಗ್ಗಿತು.

ಆಸ್ಪತ್ರೆಯ ಓಣಿಯಲ್ಲಿ ಪಂಪಿನವನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಒಳಗೆ ಹೊಲಿಗೆ ಹಾಕುತ್ತಿದ್ದರು. ಹೊರಗೆ ಜನರ ಕೂಗು. "ಇವತ್ತು ಬೋನು, ಇಲ್ದಿದ್ರೆ ನಾವೇ ನೋಡ್ಕೋತೀವಿ!" ಕಿರಿಯವಳು ಫೋನಿನಲ್ಲಿ ಸಾಹೇಬರಿಗೆ "ತಪ್ಪು ನಂದೇ ಸಾರ್, ಜಾಗ ಸರಿಯಾಗಿ ನೋಡ್ಲಿಲ್ಲ" ಎನ್ನುತ್ತಿದ್ದಳು. ಬಯಸಿದ್ದ ಸೋಲು ಕಣ್ಣೆದುರೇ ಇತ್ತು. ಫೋನಿಟ್ಟ ಕೂಡಲೇ ಹೆಜ್ಜೆಯಕ್ಕ ಅವಳ ಹತ್ತಿರ ಹೋದಳು.

"ಜಾಗ ನಂಗೆ ಗೊತ್ತಿತ್ತು," ಎಂದಳು. "ಕಾಲುವೆ ಪಕ್ಕ. ನಿನ್ನೆಯೇ ನೋಡಿದ್ದೆ."

ಕಿರಿಯವಳು ಅವಳತ್ತ ತಿರುಗಿದಳು. "ಗೊತ್ತಿದ್ದೂ ಹೇಳ್ಲಿಲ್ವಾ?"

"ಹೊಟ್ಟೆ ಉರೀತಿತ್ತು ಕಣೇ."

ಕಿರಿಯವಳು ಫೋನನ್ನು ಜೇಬಿಗೆ ಹಾಕಿ, "ಮೊದಲು ಜಾಗ ತೋರ್ಸಿ. ಮಿಕ್ಕಿದ್ದು ಆಮೇಲೆ," ಎಂದಳು. ಅಕ್ಕಾ ಎನ್ನಲಿಲ್ಲ.

ಸಂಜೆಗೆ ಪೆಟ್ಟಿಗೆ ಕಾಲುವೆಯ ಪಕ್ಕಕ್ಕೆ ಹೋಯಿತು. ಒಂದು ಮರಿ ಸೋತು ತಲೆ ಎತ್ತುತ್ತಿರಲಿಲ್ಲ. ಜನರನ್ನು ಮೂರು ಹೊಲದಾಚೆ ತಡೆದು ನಿಲ್ಲಿಸಲು ಇಬ್ಬರೂ ಬೇಕಾದರು. ಮುಸ್ಸಂಜೆಯ ಬೆಳಕು ಪೂರ್ತಿ ಆರುವ ಮೊದಲೇ ತಾಯಿ ಬಂದು ಗಟ್ಟಿ ಮರಿಯನ್ನು ಕಚ್ಚಿಕೊಂಡು ಹೋಯಿತು. ಸೋತದ್ದನ್ನು ಬಿಟ್ಟೇಬಿಟ್ಟಿತೇನೋ ಎಂದು ಹೆಜ್ಜೆಯಕ್ಕ ಕಣ್ಣಿಂದ ದುರ್ಬೀನು ಇಳಿಸಲೇ ಇಲ್ಲ. ಅರ್ಧ ಗಂಟೆಯಾದ ಮೇಲೆ ಅದನ್ನೂ ಒಯ್ದಿತು.

ಮರುದಿನ ಅವಳೇ ಸಾಹೇಬರ ಮುಂದೆ ನಿಂತು ನಡೆದದ್ದು ಹೇಳಿದಳು. ಆರು ತಿಂಗಳು ಉಗ್ರಾಣದ ಕೆಲಸಕ್ಕೆ ಹಾಕಿದರು. ಪಂಪಿನವನ ಮನೆಗೂ ಹೋದಳು. ಅವನ ಹೆಂಡತಿ ಕೂರಲು ಹೇಳಲಿಲ್ಲ, ಹೊರಡಲೂ ಹೇಳಲಿಲ್ಲ. ಹೆಜ್ಜೆಯಕ್ಕ ಹೊಸ್ತಿಲಾಚೆ ನಿಂತೇ ತಪ್ಪೊಪ್ಪಿಕೊಂಡು ಬಂದಳು. ಮನೆಯಲ್ಲಿ ಕಿರಿಯವಳು ತಿಂಗಳುಗಟ್ಟಲೆ ಅತ್ತೆಯ ಮೂಲಕವೇ ಮಾತಾಡಿದಳು. "ನಾನೇನು ನಿಮ್ಮಿಬ್ಬರ ಟಪಾಲಿನವಳಾ?" ಎಂದು ಅತ್ತೆ ರೇಗುತ್ತಿದ್ದರು.

ಉಗ್ರಾಣದ ಅವಧಿ ಮುಗಿದ ದಿನ ಕಿರಿಯವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ಇಟ್ಟಿಗೆ ಗೂಡಿನ ಹತ್ರ ಹೆಜ್ಜೆ ನೋಡೋಕೆ ಹೋಗ್ಬೇಕು. ಬರ್ತೀರಾ?" ಎಂದಳು. ಹೆಜ್ಜೆಯಕ್ಕ ಹೋದಳು. ಹೊಟ್ಟೆಕಿಚ್ಚು ಆರಿತೆಂದಲ್ಲ. ಪತ್ರಿಕೆಯಲ್ಲಿ ಕಿರಿಯವಳ ಚಿತ್ರ ಬಂದ ದಿನ ಈಗಲೂ ಅವಳಿಗೆ ಊಟ ಸೇರುವುದಿಲ್ಲ. ಆದರೆ ನೆಲದ ಮೇಲೆ ಏನು ಕಂಡರೂ, ಮನಸ್ಸು ಬೇರೆ ಬುದ್ಧಿ ಹೇಳುವ ಮೊದಲೇ, ಬಾಯಿ ಬಿಟ್ಟು ಕಿರಿಯವಳನ್ನು ಕೂಗಿ ಕರೆದುಬಿಡುತ್ತಾಳೆ.